ರಾಮವ್ವನ ಬಚ್ಚಲಿನ ಚಿಲಕಾ

ಚಚಡಿಯ ಶಟ್ಟೆಪ್ಪನ ಹಳೇ ಮನ್ಯಾಗ ಬಚ್ಚಲಾ ಅಂದ್ರ ಅಡಗಿಮನಿ ಮೂಲ್ಯಾಗ ಒಂದು ಹಾಸಗಲ್ಲು, ಒಂದು ಹಂಡೆ, ಸೊಂಟದ ಮಟ ಒಂದು ಮೋಟಗ್ವಾಡಿ. ಬಾಗಲದ ಸುದ್ದೀನ ಇಲ್ಲ. ಕಟಕೋಳದಿಂದ ಸೊಸಿಯಾಗಿ ಬಂದ ರಾಮವ್ವ ಆ ಗ್ವಾಡಿ ಮ್ಯಾಲ ಹಳೇ ಸೀರಿ ಇಳಿಬಿಟ್ಟು, ಗಂಡಸರು ಏಳೂದ್ರಾಗ ನಾಕ ತಂಬಿಗಿ ಸುರಕೊಂಡು ಓಡಿಬರತಿದ್ದಳು. ಮಾವ ಕೆಮ್ಮಿದ್ರ ಸಾಕು, ಮೈಗೆ ಸಾಬಾಣ ಇರೂವಾಗನ ಸೀರಿ ಸುತಗೊಂಡು ಉಸರ ಹಿಡಕೊಂಡು ಕುಂಡರತಿದ್ದಳು. ಆ ಮಾವ ಸತ್ತ, ಆಕಿ ಮಗ ಲಕ್ಷ್ಮಣ ಮೀಸಿ ತಿರುವೂವಷ್ಟು ಬೆಳದ. ಆದ್ರ ರಾಮವ್ವ ಇನ್ನೂ ಕಳ್ಳರಂಗನ ಜಳಕಾ ಮಾಡತಿದ್ದಳು. ಬೆನ್ನು ಪೂರ್ತಿ ತಿಕ್ಕೊಂಡದ್ದು ಆಕಿಗೆ ನೆನಪಿಲ್ಲ.

ಆಕಿ ಏನು ಬಾಯಿಲ್ಲದಾಕಿ ಅಲ್ಲ. ಸಂತ್ಯಾಗ ಬದನಿಕಾಯಿ ಮಾರಾವರು ಆಕಿನ್ನ ಕಂಡ್ರ ತಕ್ಕಡಿ ನೆಟ್ಟಗ ಹಿಡಿತಾರ. ಆದ್ರ ಬಚ್ಚಲದ ಮಾತು ತಗದಾಗೆಲ್ಲಾ ಗಂಡ ಶಟ್ಟೆಪ್ಪ ಕಿವಿ ಮ್ಯಾಲ ಹಾಕ್ಕೋತಿರಲಿಲ್ಲ. ಕಡೀಕ ಒಂದಿನ ಪಾಚಿ ಕಟ್ಟಿದ ಕಲ್ಲಿನ ಮ್ಯಾಲ ತಾನ ಜಾರಿ, ಕುಂಡಿ ಊರಿ ಕುಂತ. ಆವಾಗ ನೋಡ್ರಿ, ಇಡೀ ಮನಿಗೆ ಕೇಳೂ ಹಂಗ ಒದರಿದ: "ಈ ಬಚ್ಚಲಾ ಇನ್ನ ಕೆಡವೂದ!"

ಕಿತ್ತೂರಿಂದ ಗೌಂಡಿ ನಿಜಾಮಸಾಬ ಬಂದ. ಗ್ವಾಡಿ ಮ್ಯಾಲ ಎದ್ದೂವು, ನೆಲಕ್ಕ ಫರಸಿ ಕಲ್ಲು ಬಿತ್ತು. ಲಕ್ಷ್ಮಣ ಮೊಬೈಲಿನ್ಯಾಗ ನೋಡಿ ಶವರ್ ತಂದ. ಶಟ್ಟೆಪ್ಪ ಹಂಡೆ ತಗೀಬ್ಯಾಡ್ರಿ ಅಂತ ಜಗಳಾ ತಗದು ಅದನ್ನ ಉಳಿಸ್ಕೊಂಡ. ರಾಮವ್ವ ಒಂದ ಒಂದು ಕೇಳಿದಳು.

"ನನಗ ಒಳಗಡೆ ಒಂದು ಚಿಲಕಾ ಬೇಕ್ರಿ."

"ಮನಿ ಮಂದಿ ಮುಂದ ಅದೇನು ಮುಚ್ಚಿಟ್ಟಕೋತಿ?" ಅಂತ ಶಟ್ಟೆಪ್ಪ ನಕ್ಕುಬಿಟ್ಟ. ಹೊಸಾ ಬಾಗಲಾನೂ ತರಸಲಿಲ್ಲ ಪುಣ್ಯಾತ್ಮ. ಮೇವಿನ ಖೋಲಿಯ ಸಾಗವಾನಿ ಬಾಗಲಾ ಕಿತ್ತು ಬಚ್ಚಲಕ್ಕ ಕೂಡ್ರಿಸಿದ. ಅದರ ಚಿಲಕಾ ಹೊರಗ. ಒಳಗ ಹಾಕ್ರಿ ಅಂದ್ರ, "ನಮ್ಮ ಅಜ್ಜ ಮಾಡಿಸಿದ ಬಾಗಲಾ, ಇದಕ್ಕ ಹೊಸಾ ಮೊಳಿ ಬಡ್ಯಾಕ ಬಿಡೂದಿಲ್ಲ" ಅಂತ ಹಟಾ ಹಿಡದ.

"ನಿಮ್ಮ ಅಜ್ಜ ಮಾಡಿಸಿದ್ದು ಎಮ್ಮಿ ಮೇವಿಗ್ರೀ, ಹೆಂಡತಿಗಲ್ಲ," ಅಂದು ರಾಮವ್ವ ಮಾರಿ ಗಂಟ ಹಾಕ್ಕೊಂಡು ಹೋದಳು. ಒಲಿ ಮುಂದ ಕುಂತಾಗ ಆಕಿಗೆ ಅಳುನ ಬಂತು. ಇಷ್ಟೆಲ್ಲಾ ಆಗಿ ಮತ್ತ ಸೀರಿ ಇಳಿಬಿಡೂದ ಆತು ಅಂತ ಸಂಕಟ ಆತು.

ಈಗ ಆ ಮನೀದೊಂದು ಕಾಯಿದೆ ಹೇಳಬೇಕು. ಮನಿ ತುಂಬ ಆಡು. ತಗದ ಬಾಗಲಾ ಕಂಡ್ರ ಸಾಕು, ಒಳಗ ನುಗ್ಗಿ ಜೋಳದ ಚೀಲಕ್ಕ ಬಾಯಿ ಹಾಕತಾವು. ಅದಕ್ಕ ಯಾರ ಯಾವ ಬಾಗಲದ ಮುಂದ ಹಾದ್ರೂ ಚಿಲಕಾ ಹಾಕೇ ಮುಂದ ಹೋಗಬೇಕು. ಮದುವ್ಯಾಗಿ ಬಂದ ಹೊಸತರಾಗ ರಾಮವ್ವಗ ಬೈದು ಬೈದು ಇದನ್ನ ಕಲಿಸಿದವ ಇದ ಶಟ್ಟೆಪ್ಪ. ಈಗ ಆಕಿ ಕೈ ಆಕಿಗೆ ಗೊತ್ತಿಲ್ಲದಂಗ ಚಿಲಕಾ ಹಾಕತೈತಿ.

ಬಚ್ಚಲಾ ತಯಾರಾದ ದಿನ ಶಟ್ಟೆಪ್ಪ ಕಾಯಿ ಒಡದು, ಮೊದಲ ಜಳಕಾ ತನ್ನದ ಅಂತ ಹೇಳಿ ಒಳಗ ಹೋದ. ರಾಮವ್ವ ಸೆಗಣಿ ಬುಟ್ಟಿ ಹೊತಗೊಂಡು ಹಾದು ಹೋದಳು. ಹೋಗ್ತಾ ಮೊಣಕೈಲೇ ಚಿಲಕಾ ದಬ್ಬಿದಳು.

ತಿರುಗಿ ಬರೂದ್ರಾಗ ಒಳಗಿಂದ ಬಾಗಲಾ ಧಡಧಡ ಬಡ್ಯಾಕತ್ತಿತ್ತು. ಹತ್ಯಾರ ಒಯ್ಯಾಕ ಬಂದಿದ್ದ ನಿಜಾಮಸಾಬ ಅಂಗಳದಾಗ ನಿಂತು ಮೀಸಿ ಒಳಗ ನಗಾಕತ್ತಿದ್ದ.

"ಯಾರಲೇ ಚಿಲಕಾ ಹಾಕಿದ್ದು? ನಿಮ್ಮ ಅಪ್ಪಂದೇನು ಬಾಗಲಾ?"

ತನ್ನ ಮೊಣಕೈ ಮಾಡಿದ ಕೆಲಸಾ ರಾಮವ್ವಗ ಆವಾಗ ತಿಳೀತು. ಆಮ್ಯಾಲ ಬುಟ್ಟಿ ಸಾವಕಾಶ ಕೆಳಗಿಟ್ಟಳು.

"ನಿಮ್ಮ ಅಜ್ಜಂದ್ರೀ."

"ರಾಮೀ, ನೀನೇನು! ತಗಿ, ಹಂಡೇದಾಗಿನ ನೀರ ತೀರ್ಯಾವು, ಥಂಡಿ ಹತ್ತಾಕತ್ತೇತಿ!"

"ಮನಿ ಮಂದೀನ ಅದೇವ್ರಿ, ನಾಚಕೋಬ್ಯಾಡ್ರಿ. ಚಿಲಕಾ ಒಳಗ ಹಾಕಸ್ತೀರೋ ಇಲ್ಲೋ ಅಷ್ಟ ಹೇಳ್ರಿ."

ಒಳಗ ಒಂದು ಸೀನು ಬಂತು, ಮತ್ತೊಂದು ಬಂತು. "ಆತು ಮಾರಾಯ್ತಿ, ಹಾಕಸ್ತೇನಿ!"

"ನಿಜಾಮಸಾಬಗ ಹೇಳ್ರಿ."

"ಜೋರ ಹೇಳ್ರಿ ಶಟ್ಟೆಪ್ಪಣ್ಣಾ," ಅಂತ ನಿಜಾಮಸಾಬ ಅಲ್ಲಿಂದನ ಕೂಗಿದ, "ನನಗ ಕಿವಿ ಸ್ವಲ್ಪ ಮಂದ."

ಶಟ್ಟೆಪ್ಪ ಓಣಿಗೆಲ್ಲಾ ಕೇಳೂ ಹಂಗ ಹೇಳಿದ. ಪಂಜೇ ಸುತಗೊಂಡು ಹೊರಗ ಬಂದಾಗ ಯಾರ ಮಾರೀನೂ ನೋಡಲಿಲ್ಲ. ನಿಜಾಮಸಾಬ ಹೊರಗಿನ ಚಿಲಕಾ ಕಿತ್ತು ಒಳಗ ಬಡದು ಹೋದ.

ನಡು ಮಧ್ಯಾಹ್ನ, ಮನಿ ಮಂದಿಯೆಲ್ಲಾ ಎಚ್ಚರ ಇರೂವಾಗ, ರಾಮವ್ವ ಒಳಗ ಹೋಗಿ ಚಿಲಕಾ ಸರಿಸಿದಳು. ಸೀರಿ ಬಿಚ್ಚಿ ಗೂಟಕ್ಕ ಹಾಕಿದಳು. ನೀರ ಹಾಕ್ಕೊಳ್ಳಲಿಲ್ಲ, ಸುಮ್ನ ಕುಂತಳು. ಹೊರಗ ಶಟ್ಟೆಪ್ಪ ಕೆಮ್ಮಿದ. ಆಕಿ ಕೈ ಸೀರಿ ಕಡೆ ಹೋತು, ಅರ್ಧಕ್ಕ ನಿಂತು, ತಿರುಗಿ ತಂಬಿಗಿ ಹಿಡೀತು.

"ಏ, ನನ್ನ ಚಸ್ಮಾ ಎಲ್ಲಿಟ್ಟಿ?" ಅಂತ ಅವ ಬಾಗಲಾ ದಬ್ಬಿದ. ಬಾಗಲಾ ಜಗ್ಗಲಿಲ್ಲ. ಮತ್ತೊಮ್ಮೆ ದಬ್ಬಿದ.

"ಒಳಗ ಮಂದಿ ಅದಾರ್ರೀ!" ಅಂತ ಒದರಿ, ರಾಮವ್ವ ಬೆನ್ನಿಗೆ ಸಾಬಾಣ ಹಚ್ಚಾಕತ್ತಿದಳು.