ಮಳಿಗೆಯೋ ಮನೆಯೋ

ಬೇರೆಯವರ ಹಣವನ್ನು ಎಲ್ಲಿ ಹಾಕಬೇಕೆಂದು ಹೇಳುವಾಗ ನನಗೆ ಬರುವ ಧೈರ್ಯ ನನ್ನ ಹಣದ ವಿಷಯದಲ್ಲಿ ಎಂದೂ ಬಂದದ್ದಿಲ್ಲ. ಬರಲು ಹಣವೂ ಇರಲಿಲ್ಲವೆನ್ನಿ. ಹಾಗಾಗಿ ತಂಗಿ ಪದ್ಮಾಳಿಗೆ, ತೀರಿಹೋದ ಗಂಡನ ಪಾಲಿನ ಜಮೀನು ಮಾರಿದ ಹಣ ಬಂದಾಗ, ಅವಳಿಗಿಂತ ನನಗೇ ಹುರುಪು ಹೆಚ್ಚಾಯಿತು. ಐವತ್ತರ ದಶಕದ ಕೊನೆಯ ಮದರಾಸಿನಲ್ಲಿ ಅಷ್ಟು ಹಣಕ್ಕೆ ಪುರಸೈವಾಕ್ಕಂನ ಬಟ್ಟೆಯಂಗಡಿಗಳ ಬೀದಿಯಲ್ಲಿ ಒಂದು ಮಳಿಗೆ ಬರುತ್ತಿತ್ತು, ಇಲ್ಲವೇ ಮೈಲಾಪುರದಲ್ಲಿ ಒಂದು ಹಳೆಯ ಪುಟ್ಟ ಮನೆ. ಯಾವುದನ್ನು ಕೊಂಡರೂ ಬಾಡಿಗೆಗೆ ಕೊಡುವುದೆಂದೇ ನನ್ನ ಯೋಚನೆ. ಪದ್ಮಾ ಆರು ವರ್ಷದಿಂದ ನಮ್ಮ ಜೊತೆಯಲ್ಲೇ ಇದ್ದಳಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾಡಿಗೆಗೆ ಕೊಟ್ಟು ನೋಡು ಎನ್ನಲಿಲ್ಲ. ಕೊಟ್ಟು ನೋಡಿದ್ದರೆ ಗಾದೆ ಕಟ್ಟುವಷ್ಟು ಉಸಿರು ಉಳಿಯುತ್ತಿರಲಿಲ್ಲವೇನೋ. ಮನೆ ಕೊಟ್ಟರೆ ಸೋರುವ ಮಾಡು ನಮ್ಮದು, ಕಟ್ಟಿಕೊಂಡ ಮೋರಿ ನಮ್ಮದು. ಬಾಡಿಗೆ ಕೇಳಲು ಹೋದವನು ಅವರ ಕೂಸಿನ ತೊಟ್ಟಿಲು ತೂಗಿ ಬರಿಗೈಯಲ್ಲಿ ಬರುತ್ತಾನೆ. ಅಂಗಡಿಯವನಾದರೋ ಗೋಡೆಯ ಮೊಳೆಯನ್ನೂ ತಾನೇ ಹೊಡೆದುಕೊಳ್ಳುತ್ತಾನೆ. ನಾನು ದಿನಾ ಕಾಫಿ ಕುಡಿಯುತ್ತಿದ್ದ ಹೋಟೆಲಿನ ಯಜಮಾನರು, ಕುಂದಾಪುರದ ಕಡೆಯ ಭಟ್ಟರು, ಕೂತಲ್ಲೇ ತೀರ್ಪು ಕೊಟ್ಟರು: “ಮನೆ ಬೇಡ ಮಾರಾಯ್ರೆ. ಬಾಡಿಗೆಯವರು ಬರುದು, ಅವರ ಹಿಂದೆಯೇ ನೆಂಟರು ಬರುದು. ಅಂಗಡಿಗೆ ಯಾರ ನೆಂಟರು ಬರ್ತಾರೆ?”

ಈ ವಾದವನ್ನೆಲ್ಲ ಊಟಕ್ಕೆ ಕೂತಾಗ ಪದ್ಮಾಳಿಗೆ ಒಪ್ಪಿಸಿದೆ. ಅವಳು ಪೂರ್ತಿ ಕೇಳಿ, “ಅಂಗಡೀಲಿ ಒಲೆ ಹಚ್ಚಕ್ಕಾಗತ್ತಾ ಅಣ್ಣ?” ಎಂದಳು.

“ನೀನ್ಯಾಕೆ ಒಲೆ ಹಚ್ಚಬೇಕು? ಇದು ನಿನ್ನ ಮನೆ ಅಲ್ವಾ?” ಎಂದು ರೇಗಿದೆ.

“ನಿಮ್ಮ ಮನೆ. ನೀನೂ ಅತ್ತಿಗೇನೂ ಚೆನ್ನಾಗೇ ನೋಡ್ಕೊಂಡಿದೀರಿ. ಆದ್ರೂ ಹೋಗ್ತೀನಿ ಅಂದ್ರೆ ಹೋಗಕ್ಕೊಂದು ಜಾಗ ಇರ್ಲಿ. ಬಾಡಿಗೆ ಕಮ್ಮಿ ಬಂದ್ರೂ ಪರವಾಯಿಲ್ಲೆ.”

ನನಗೆ ನಿಜವಾಗಿ ನೋವಾಯಿತು. ಒಡಹುಟ್ಟಿದವನ ಮನೆಯಲ್ಲಿ ಏನು ಕಡಿಮೆಯಾಗಿತ್ತು ಎಂದು ಒಂದು ವಾರ ಮುಖ ಗಂಟಿಕ್ಕಿಕೊಂಡೇ ಓಡಾಡಿದೆ. ಆದರೂ ಹಣ ಅವಳದು, ಮೈಲಾಪುರದ ಮನೆಯನ್ನೇ ಕೊಂಡೆವು. ಬಾಡಿಗೆಯವರು ಬಂದರು. ಭಟ್ಟರು ಹೇಳಿದಂತೆ ನೆಂಟರೂ ಬಂದರು. ಬಾಡಿಗೆ ಮಾತ್ರ ತನಗೆ ತೋಚಿದಾಗ ಬರುತ್ತಿತ್ತು.

ಅಲ್ಲಿಗೆ ಹೋಗಿ ನೆಲೆಸುವ ಮಾತನ್ನು ಪದ್ಮಾ ಮತ್ತೆ ಎತ್ತಲೇ ಇಲ್ಲ. ಆದರೆ ಅವಳ ಹೆಸರಿಗೆ ಪತ್ರ ರಿಜಿಸ್ಟರ್ ಆದ ವಾರವೇ, ಎಲೆಯ ಮುಂದೆ ಕೂತು, ನನ್ನ ಹೆಂಡತಿ ಮಾಡಿದ ಹುಳಿಗೆ ಉಪ್ಪು ಜಾಸ್ತಿಯಾಗಿದೆ ಎಂದಳು. ನಮ್ಮ ಮನೆಗೆ ಬಂದ ಮೇಲೆ ಅಡುಗೆಯ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ಹೆಂಡತಿ ಮುಖ ಊದಿಸಿಕೊಂಡಳು. ಉಪ್ಪೇನೋ ಜಾಸ್ತಿಯೇ ಆಗಿತ್ತು. ಆರು ವರ್ಷದಿಂದಲೂ ಆಗುತ್ತಲೇ ಇತ್ತು.