ಅಕ್ಕನಿಗೆ ತಪ್ಪಿಸಿದ ಪಂಚಮಿ

ಅಕ್ಕಾ, ಔಷಧಿ ನಾಟಿದೆ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಅದು ಸೋತಿತ್ತು. ಡಾಕ್ಟರು ನನಗೊಬ್ಬನಿಗೇ ಹೇಳಿದ್ದರು—ನಿನಗೆ ತಿಳಿಸುತ್ತೇನೆಂದು ಒಪ್ಪಿಕೊಂಡು ಬಂದವನು ನಾನು.

ಹರಪನಹಳ್ಳಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನಲ್ಲವೇ! ದಾವಣಗೆರೆಯ ಆಸ್ಪತ್ರೆಯಲ್ಲಿ ನಿನ್ನ ಮಂಚದ ಮೇಲೆ ಕೂತು ಎಷ್ಟು ಜಂಬದಿಂದ ವಿವರಿಸಿದ್ದೆ. ರಕ್ತದಲ್ಲಿ ಕಾವಲು ಕಣಗಳಿವೆ, ಕ್ಯಾನ್ಸರ್ ಗಡ್ಡೆಯ ಕೋಶಗಳ ಮೈಮೇಲೆ ಒಂದು ಗುರುತಿರುತ್ತದೆ, ಅದನ್ನು ಕಂಡು ಇವು ಕೊಲ್ಲುತ್ತವೆ, ಬಾಟ್ಲಿಯ ಔಷಧಿ ಇವಕ್ಕೆ ಬಲ ಕೊಡುತ್ತದೆ... ನೀನು ನಕ್ಕಿದ್ದೆ. "ನೀ ಸಣ್ಣಾವಿದ್ದಾಗ ಸುಳ್ಳು ಹೇಳಿದ್ರ ಮೂಗು ಕೆಂಪಾಗ್ತಿತ್ತು, ನಾ ಹಿಡೀತಿದ್ದೆ. ಇದೂ ಹಂಗ, ಹೌದಿಲ್ಲೋ?"

ಹಾಗೇ. ಆದರೆ ಎರಡನೇ ಸಲ ಗಡ್ಡೆಯ ಚೂರು ತೆಗೆದು ನೋಡಿದಾಗ ಆ ಕೋಶಗಳು ಗುರುತನ್ನೇ ಅಳಿಸಿಕೊಂಡಿದ್ದವು. ಕಾವಲು ಕಣಗಳು ಪಕ್ಕದಲ್ಲೇ ಹಾದುಹೋದರೂ ಅವನ್ನು ಗುರುತಿಸುತ್ತಿರಲಿಲ್ಲ. "ಇನ್ನ ಈ ಔಷಧಿಯಿಂದ ಉಪಯೋಗ ಇಲ್ರಿ," ಎಂದರು ಡಾಕ್ಟರು. "ಅವರಿಗೆ ಎಲ್ಲಿ ಇರಬೇಕು ಅನ್ನಿಸ್ತೈತೋ ಅಲ್ಲಿಗೆ ಕರಕೊಂಡು ಹೋಗ್ರಿ."

ನಲ್ಲಿಯಲ್ಲಿ ಮುಖ ತೊಳೆದು, ಅತ್ತ ಗುರುತು ಉಳಿಯದಂತೆ ಒರೆಸಿಕೊಂಡು ನಿನ್ನ ಮುಂದೆ ಬಂದು ನಿಂತೆ.

"ಏನಂದ್ರೋ ತಮ್ಮಾ?"

"ನಾಟೈತಂತಕ್ಕಾ."

ನೀನು ನನ್ನ ಮುಖವನ್ನೇ ನೋಡಿದೆ. ನಿನಗೆ ಏನೂ ಗೊತ್ತಾಗಲಿಲ್ಲ. "ಹಂಗಾದ್ರ ಈ ಪಂಚಮಿಗಿ ನನ್ನ ಕರಿಯಾಕ ಬರಬ್ಯಾಡ. ಬಾಟ್ಲಿ ತಪ್ಪಸಬಾರ್ದು. ಮುಂದಿನ ವರ್ಷ ಬಂದು ಜೋಕಾಲಿ ಆಡೇ ಆಡ್ತೀನಿ."

ತೆಲಿಗಿಗೆ ಮದುವೆಯಾಗಿ ಹೋದ ಮೇಲೆ ಒಂದು ಪಂಚಮಿಗೂ ಬಾಗಳಿಯ ತವರನ್ನು ತಪ್ಪಿಸಿದವಳಲ್ಲ ನೀನು. ಆ ವರ್ಷ ಹಬ್ಬದ ದಿನ ನೀನು ಆಸ್ಪತ್ರೆಯಲ್ಲಿ ಮಲಗಿದ್ದೆ—ಇನ್ನೆರಡು ಸಲ ಕೊಡಿ ಎಂದು ಸುಳ್ಳು ಹೊರಬೀಳದಿರಲೆಂದು ನಾನೇ ಡಾಕ್ಟರನ್ನು ಅಂಗಲಾಚಿ ಹಾಕಿಸಿದ ಬಾಟ್ಲಿಯ ಕೆಳಗೆ. ಶ್ರಾವಣ ಮುಗಿಯುವುದರೊಳಗೆ ಹೋಗಿಬಿಟ್ಟೆ.

ನಿನಗೆ ಧೈರ್ಯ ತುಂಬಲು ಹಾಗೆ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಥೂ! ನೀನು ಅಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ. ನಿನಗೆ ಉಳಿದಿದ್ದ ದಿನಗಳು ನಿನ್ನವು, ಅವನ್ನು ನಾನು ಕಿತ್ತುಕೊಂಡೆ.

ನಿನ್ನ ಮಗಳು ಸುಮ ಇವತ್ತಿಗೂ ನನ್ನನ್ನು ಸಮಾಧಾನ ಮಾಡುತ್ತಾಳೆ. "ಕರಿಯಾಕ ಬರಬ್ಯಾಡ ಅಂತ ಅವ್ವನೇ ಅಂದ್ಲಲ್ಲ ಮಾವ, ನೀವೇನು ಮಾಡ್ತೀರಿ?" ಆ ಮಾತು ಕೇಳಿದಾಗಲೆಲ್ಲ ಬೇರೆ ಮಾತು ತೆಗೆಯುತ್ತೇನೆ.

ನಾಡಿದ್ದು ಪಂಚಮಿ. ನಾಳೆ ಅವಳನ್ನು ಕರೆಯಲು ಹೋಗುತ್ತೇನೆ. ಮೊದಲು ಇದನ್ನೆಲ್ಲ ಹೇಳುತ್ತೇನೆ, ಆಮೇಲೆ ಕರೆಯುತ್ತೇನೆ. ಬರುವುದು ಬಿಡುವುದು ಅವಳಿಷ್ಟ... ಈ ಸಲ ಮುಖ ತೊಳೆದುಕೊಂಡು ಹೋಗುವುದಿಲ್ಲ, ಅಕ್ಕಾ.