ಕಾರ್ಬೊರೇಟರಿಗೆ ಇಟ್ಟ ಕುಂಕುಮ

ಒಂದೇ ಸಿನಿಮಾ, ಒಂದೇ ಪ್ರಿಂಟು, ಎರಡು ಟಾಕೀಸು. ಐವತ್ತರ ದಶಕದ ಮೈಸೂರಿನಲ್ಲಿ ಹಾಗೂ ನಡೆಯುತ್ತಿತ್ತು. ಮೊದಲ ಟಾಕೀಸಿನಲ್ಲಿ ರೀಲು ಮುಗಿದ ತಕ್ಷಣ ಅದನ್ನು ಡಬ್ಬಿಗೆ ಹಾಕಿ ಎರಡನೆಯದಕ್ಕೆ ಓಡಿಸಬೇಕು. ಓಡಿಸುವವನು ನಮ್ಮಣ್ಣ. ಮಿಲಿಟರಿ ಹರಾಜಿನಲ್ಲಿ ತಂದ ಹಳೆಯ ಮೋಟಾರ್ ಸೈಕಲ್ಲು ಅವನದು. ದಸರಾ ಶುರುವಾದ ವಾರದಲ್ಲೇ, ಇಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಅದರ ಕಾರ್ಬೊರೇಟರು ಬಿರುಕು ಬಿಟ್ಟು, ಪೆಟ್ರೋಲು ಸೋರಿ, ಗಾಡಿ ದಾರಿಯಲ್ಲೇ ನಿಂತಿತು. ರೀಲು ತಡವಾಯಿತು. ಜನ ಕುರ್ಚಿ ಮುರಿದರು, ಪರದೆಗೆ ಕಲ್ಲು ತೂರಿದರು, ಗೇಟ್‌ಕೀಪರನ ಹಲ್ಲು ಉದುರಿಸಿದರು.

"ಆಯುಧಪೂಜೆ ದಿನ ಮ್ಯಾಟಿನಿಗೆ ನಿನ್ನ ಗಾಡಿ ಬರ್ಲಿಲ್ಲ ಅಂದ್ರೆ ಬೇರೆಯವನನ್ನ ಇಟ್ಕೋತೀನಿ" ಎಂದರು ಟಾಕೀಸಿನ ಮಾಲೀಕರು.

ಅಣ್ಣ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಅಂಥದೇ ಗಾಡಿಯ ಕಾರ್ಬೊರೇಟರು ಹುಡುಕಿ ತಂದ. ಹಬ್ಬದ ಹಿಂದಿನ ಸಂಜೆಯೇ ಕೂರಿಸಲು ಹೊರಟವನನ್ನು ಅಪ್ಪ ತಡೆದರು. "ಪೂಜೆ ಆಗ್ದೆ ಹೊಸ ಸಾಮಾನು ಗಾಡಿಗೆ ಸೇರಿಸ್ಬಾರ್ದು ಕಣೋ."

ನಮ್ಮಪ್ಪ ಶಿವಪೂಜೆ ಮಾಡದೆ ನೀರು ಮುಟ್ಟುತ್ತಿರಲಿಲ್ಲ, ಮಕ್ಕಳಿಗೆ ಹೊಡೆಯದೆ ದಿನ ಮುಗಿಸುತ್ತಿರಲಿಲ್ಲ. ಇಪ್ಪತ್ತು ತುಂಬಿದ ಮಗಳು ಅಂತಲೂ ನೋಡದೆ ನನ್ನ ಬೆನ್ನಿಗೂ ಬಾರಿಸುತ್ತಿದ್ದರು. ಅಣ್ಣ ಕಾರ್ಬೊರೇಟರನ್ನು ತಂದು ದೇವರ ಮುಂದಿಟ್ಟ.

ಬೆಳಗ್ಗೆ ಸ್ಪ್ಯಾನರು, ಸ್ಕ್ರೂಡ್ರೈವರು, ಕಾರ್ಬೊರೇಟರು ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿ ಅಪ್ಪ ವಿಭೂತಿ ಬಳಿದರು, ಕುಂಕುಮ ಇಟ್ಟರು. ಕಾರ್ಬೊರೇಟರಿನ ಬಾಯಿಯೊಳಕ್ಕೂ ಧಾರಾಳವಾಗಿ ಉದುರಿಸಿದರು. "ಇದೇ ಅಲ್ವೇನೋ ಗಾಡಿ ಬಾಯಿ? ಮೊದಲು ಪ್ರಸಾದ ತಿನ್ಲಿ." ಅಣ್ಣ ಆಗ ಹೊರಗೆ ಗಾಡಿ ತೊಳೆಯುತ್ತಿದ್ದ, ನೋಡಲಿಲ್ಲ. ಪೂಜೆಗಿಟ್ಟ ಆಯುಧವನ್ನು ಮಂಗಳಾರತಿ ಆಗುವ ತನಕ ಮುಟ್ಟಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಅವನು ಒಳಗೆ ಬಂದವನೇ ಮಣೆಯಿಂದ ಸ್ಪ್ಯಾನರ್ ಎತ್ತಿಕೊಂಡ. ಅಪ್ಪ ಕೆನ್ನೆಗೆ ಬಿಟ್ಟರು. ಮೂಗಿನಿಂದ ರಕ್ತ ಬಂತು.

"ಹೊತ್ತಾಯ್ತು, ಬುಡಿ ಅಪ್ಪ" ಎಂದು ಅಣ್ಣ ಕಾರ್ಬೊರೇಟರನ್ನೂ ಎತ್ತಿಕೊಂಡು ಅಂಗಳಕ್ಕೆ ಹೋದ.

ಒಂಟಿಕೊಪ್ಪಲಿನ ನಮ್ಮ ವಠಾರದವರೆಲ್ಲ ಹೊರಗೆ ಬಂದು ನಿಂತರು. ಬೋಲ್ಟು ಬಿಗಿದು, ಪೆಟ್ರೋಲು ಬಿಟ್ಟು, ಕಿಕ್ ಹೊಡೆದ. ಇಂಜಿನ್ನು ಕೆಮ್ಮಿ ಸತ್ತಿತು. ಗಾಳಿಯ ಸ್ಕ್ರೂ ಒಳಗೆ ತಿರುಗಿಸಿದ, ಹೊರಗೆ ತಿರುಗಿಸಿದ. ಮತ್ತೆ ಕಿಕ್. ಈ ಸಲ ಕಾರ್ಬೊರೇಟರಿನ ಬಾಯಿಂದ ಬೆಂಕಿ ಚಿಮ್ಮಿ ಅವನ ಹುಬ್ಬು ಸುಟ್ಟಿತು. ಇನ್ನೊಂದು ಕಿಕ್‌ಗೆ ಲಿವರು ರಪ್ಪನೆ ವಾಪಸು ಬಂದು ಮೊಣಕಾಲಿನ ಕೆಳಗೆ ಮೂಳೆ ಕಾಣುವಷ್ಟು ಸೀಳಿತು. ಅವನು ಟ್ಯಾಂಕಿಗೆ ಗುದ್ದಿದ, ಒದ್ದ, ಗುಜರಿಯವನ ವಂಶವನ್ನೆಲ್ಲ ಬೈದ. ಕೊನೆಗೆ ಕಾರ್ಬೊರೇಟರು ಬಿಚ್ಚಿ ಜೆಟ್ಟು ಹೊರಗೆ ತೆಗೆದ. ಅದು ಪೆಟ್ರೋಲು ಏರುವ ಹಿತ್ತಾಳೆ ತುಂಡು, ಅದರ ತೂತು ಸೂಜಿ ತೂರುವಷ್ಟೇ ಸಣ್ಣದು. ತೂತಿನ ತುಂಬ ಕೆಂಪು ರಾಡಿ.

ಅಣ್ಣ ಅದನ್ನು ಅಪ್ಪನ ಮುಖಕ್ಕೆ ಹಿಡಿದ. "ನಿಮ್ಮ ಪ್ರಸಾದ."

"ಕುಂಕುಮದಿಂದ ಕೆಟ್ಟೋಯ್ತು ಅಂತೀಯೇನೋ, ಪಾಪಿ!" ಅಪ್ಪ ಮತ್ತೆ ಕೈ ಎತ್ತಿದರು. ಸ್ಪ್ಯಾನರು ಆ ಕೈಯ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಲಟಕ್ಕೆಂದದ್ದು ನಾನು ನಿಂತಿದ್ದ ಬಾಗಿಲಿಗೂ ಕೇಳಿಸಿತು. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಯಿತು.

ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ಅಣ್ಣನಿಗೆ ಶಾಂತವಾಗಲೂ ಪುರುಸೊತ್ತಿರಲಿಲ್ಲ. ಅಪ್ಪ ಅಂಗಳದಲ್ಲಿ ಬಿದ್ದು ಅರಚುತ್ತಿದ್ದಂತೆಯೇ ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದು, ಬಾಯಿಂದ ಊದಿ, ವಾಪಸು ಕೂರಿಸಿದ. ಈ ಸಲ ಎರಡನೇ ಕಿಕ್‌ಗೇ ಹತ್ತಿಕೊಂಡಿತು. ಕಿವಿ ಕೊಟ್ಟು ಗಾಳಿಯ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿದ. ಇಂಜಿನ್ನಿನ ಸದ್ದು ಒಂದೇ ಸಮನಾಯಿತು. ಕಾಲಿಗೆ ಒಂದು ಚಿಂದಿ ಸುತ್ತಿಕೊಂಡು ಹೊರಟೇಹೋದ.

ಸಂಜೆ ಗರಡಿಯ ಪೈಲ್ವಾನರು ಬಂದು ಅಪ್ಪನ ಕೈ ಎಳೆದು ಬಿದಿರಿನ ದಬ್ಬೆ ಕಟ್ಟಿದರು. ಪಕ್ಕದ ಮನೆಯವರು ಅದೇ ಮ್ಯಾಟಿನಿ ನೋಡಿ ಬಂದಿದ್ದರು. ನೋವಿನಲ್ಲಿ ಬೆವರುತ್ತಲೇ ಅಪ್ಪ ನನ್ನನ್ನು ಕೇಳಿದರು, "ರೀಲು ಹೊತ್ತಿಗೆ ಸರಿಯಾಗಿ ಹೋಯ್ತಂತಾ?"

"ಹೋಯ್ತಂತೆ."

"ಹಂಗಾದ್ರೆ ಅವನಿಗೆ ಹೋಳಿಗೆ ಎತ್ತಿಡು. ಹಸ್ಕೊಂಡು ಬರ್ತಾನೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನಿಂದ ಒಲೆಯ ಮುಂದೆ ಬೆಂದು, ಅಂಗಳದ ರಕ್ತ ತೊಳೆದ ಅಮ್ಮನನ್ನು ಉಂಡೆಯಾ ಎಂದು ಕೇಳಿದವರು ಯಾರೂ ಇಲ್ಲ. ಅಮ್ಮನ ತಟ್ಟೆಗೆ ಎರಡು ಹಾಕಿ, ಉಳಿದ ಹೋಳಿಗೆಯನ್ನೆಲ್ಲ ವಠಾರದ ಹಸುವಿನ ಮುಂದೆ ಸುರಿದೆ.

ಅಣ್ಣ ಬಂದು ಊಟ ಕೇಳಿದ. ಖಾಲಿ ಪಾತ್ರೆ ತೋರಿಸಿದೆ. ಅವನು ಅಪ್ಪನ ಹಾಗೆಯೇ ಕೈ ಎತ್ತಿದ. ನಾನು ಹಿಂದೆ ಸರಿಯಲಿಲ್ಲ. ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು, ಹೊಡೆಯುವ ಮನಸ್ಸೂ ಇತ್ತು. ಅದು ಅವನಿಗೆ ಕಂಡಿರಬೇಕು. ಎತ್ತಿದ ಕೈ ಇಳಿಸಿ, ಕಾಲು ತೊಳೆಯಲು ನಲ್ಲಿಯ ಹತ್ತಿರ ಹೋದ.